ಗಾಡಿ ಓಡಿಸುವಾಗ ಫೋನ್: ಕಾನೂನಿನಲ್ಲಿ ಏನಿದೆ, ಹೊರಡುವ ಮುಂಚೆ ಏನು ಮಾಡಿಕೊಳ್ಳಬೇಕು

ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡು ಮಾತಾಡಿದರೆ ಕೇಸ್ ಆಗಲ್ಲ ಅಲ್ವಾ? ಸಿಗ್ನಲ್‌ನಲ್ಲಿ ನಿಂತಾಗ ವಾಟ್ಸಾಪ್ ನೋಡಬಹುದು ತಾನೆ? ಫೋನಲ್ಲಿ ಮಾತಾಡುವುದು ತಪ್ಪೇ ಅಲ್ಲ ಅಂತ ಕೋರ್ಟೇ ಹೇಳಿದೆಯಂತೆ, ನಿಜನಾ? ಗಾಡಿ ಓಡಿಸುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ, ಅದರಲ್ಲಿ ಅರ್ಧಕ್ಕರ್ಧ ತಪ್ಪು. ಅದಕ್ಕೇ ಇಲ್ಲಿ ಎರಡು ವಿಷಯ ಬರೆಯುತ್ತಿದ್ದೇನೆ. ಒಂದು, ಕಾನೂನಿನಲ್ಲಿ ನಿಜವಾಗಿ ಏನಿದೆ ಅನ್ನುವುದು. ಇನ್ನೊಂದು, ದಾರಿಯಲ್ಲಿ ಫೋನ್ ಮುಟ್ಟುವ ಪ್ರಸಂಗವೇ ಬರದ ಹಾಗೆ ಕೀ ತಿರುಗಿಸುವ ಮುಂಚೆ ಏನೇನು ಮಾಡಿಟ್ಟುಕೊಳ್ಳಬೇಕು ಅನ್ನುವುದು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಗಾಡಿ ಓಡುತ್ತಿರುವಾಗ ಮನಸ್ಸು ಗಟ್ಟಿ ಮಾಡಿಕೊಂಡು ಫೋನ್ ಮುಟ್ಟದೇ ಇರುವುದು ಕಷ್ಟ, ಹೊರಡುವ ಮುಂಚೆ ಎರಡು ನಿಮಿಷ ಕೊಡುವುದು ಸುಲಭ.

ಕಾನೂನು ಏನು ಹೇಳುತ್ತದೆ

ನಮ್ಮ ಮೋಟಾರು ವಾಹನ ಕಾಯ್ದೆ 1988ರದ್ದು. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು, ಹೊಸ ದಂಡಗಳು ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಇದರಲ್ಲಿ ಸೆಕ್ಷನ್ 184 ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. ಸಿಗ್ನಲ್ ಜಂಪ್ ಮಾಡುವುದು, ಒನ್‌ವೇಯಲ್ಲಿ ಎದುರುಗಡೆಯಿಂದ ಬರುವುದು, ಅಡ್ಡಾದಿಡ್ಡಿ ಓವರ್‌ಟೇಕ್ ಮಾಡುವುದು, ಇವುಗಳ ಸಾಲಿನಲ್ಲೇ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನೂ ಸೇರಿಸಿದ್ದಾರೆ. ಅಂದರೆ ಹಾರ್ನ್ ಸರಿ ಇಲ್ಲ, ನಂಬರ್ ಪ್ಲೇಟ್ ಸರಿ ಇಲ್ಲ ಅನ್ನುವ ಥರದ ಸಣ್ಣಪುಟ್ಟ ತಪ್ಪುಗಳ ಜೊತೆ ಇದನ್ನು ಇಟ್ಟಿಲ್ಲ.

ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಅದೇ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಸ ದಂಡಗಳು ಬಂದಾಗ ಜನರ ವಿರೋಧ ಜೋರಾಗಿತ್ತು, ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹಾಗಾಗಿ ಸ್ಕೂಟರ್‌ಗೆ ಒಂದು ಮೊತ್ತ, ಕಾರಿಗೆ ಒಂದು, ಲಾರಿಗೆ ಒಂದು ಇರುತ್ತದೆ. ಸಾಮಾನ್ಯವಾಗಿ ದಂಡ ಕಟ್ಟಿಸಿಕೊಂಡು ಬಿಡುತ್ತಾರೆ, ಜೈಲಿನ ತನಕ ಹೋಗುವುದಿಲ್ಲ.

ಆದರೆ ದಂಡ ಕಟ್ಟಿದ ಮೇಲೆ ಕತೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಮುಗಿಯುವುದಿಲ್ಲ. ಸೆಕ್ಷನ್ 200ರ ಪ್ರಕಾರ ಸ್ಥಳದಲ್ಲೇ ದಂಡ ಕಟ್ಟಿ ಬಗೆಹರಿಸಿಕೊಂಡರೂ ಅದು ನಿಮ್ಮ ಹೆಸರಲ್ಲಿ ಒಂದು ತಪ್ಪಾಗಿ ದಾಖಲಾಗುತ್ತದೆ, ಮುಂದಿನ ಸಲ ಸಿಕ್ಕಿಬಿದ್ದಾಗ ಅದನ್ನು ಎರಡನೇ ತಪ್ಪು ಅಂತಲೇ ಲೆಕ್ಕ ಹಿಡಿಯಬಹುದು. ಸೆಕ್ಷನ್ 206ರ ಪ್ರಕಾರ ಪೊಲೀಸರು ನಿಮ್ಮ ಲೈಸೆನ್ಸ್ ತೆಗೆದುಕೊಂಡು ಆರ್‌ಟಿಓಗೆ ಕಳಿಸಬಹುದು. ಆಮೇಲೆ ಆರ್‌ಟಿಓದವರು ನಿಮ್ಮ ಮಾತನ್ನೂ ಕೇಳಿ, ಒಪ್ಪಿಗೆಯಾಗದಿದ್ದರೆ ಮೊದಲ ಸಲಕ್ಕೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬಹುದು, ಎರಡನೇ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ಆಟೋ, ಕ್ಯಾಬ್, ಲಾರಿ ಓಡಿಸಿ ಮನೆ ನಡೆಸುವವರಿಗೆ ಮೂರು ತಿಂಗಳು ಅಂದರೆ ಮೂರು ತಿಂಗಳ ಅನ್ನ. ದಂಡದ ಮೊತ್ತ ಎಷ್ಟು ಅಂತ ಕೇಳುವ ಬದಲು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಖಾಕಿ ಹಾಕಿಕೊಂಡವರೇ ಬೈಕ್ ಮೇಲೆ ಫೋನಲ್ಲಿ ಮಾತಾಡುತ್ತಾ ಹೋದರೆ ಅವರನ್ನು ಯಾರು ಕೇಳುತ್ತಾರೆ ಅನ್ನುವ ಸಿಟ್ಟು ಎಲ್ಲರಿಗೂ ಇದೆ, ಅದು ನ್ಯಾಯವಾದ ಸಿಟ್ಟೇ. ಸೆಕ್ಷನ್ 210ಬಿ ಅದಕ್ಕೇ ಇರುವುದು. ಕಾನೂನು ಜಾರಿ ಮಾಡುವವರೇ ತಪ್ಪು ಮಾಡಿದರೆ ಅವರಿಗೆ ದಂಡ ಡಬಲ್.

ಮ್ಯಾಪ್ ನೋಡಬಹುದಾ?

ನೋಡಬಹುದು, ಷರತ್ತಿನ ಮೇಲೆ. 2020ರ ಅಕ್ಟೋಬರ್ 1ರಿಂದ ಬಂದ ಕೇಂದ್ರ ನಿಯಮದಲ್ಲಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಓಡಿಸುವವರ ಗಮನ ಕೆಡದ ಹಾಗೆ, ಅಂತ ಹೇಳಿದೆ. ಅಂದರೆ ಹೋಲ್ಡರ್‌ನಲ್ಲಿ ಕೂತ ಫೋನಿನಲ್ಲಿ ಮ್ಯಾಪ್ ಓಡುತ್ತಿದ್ದರೆ ತಪ್ಪಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಝೂಮ್ ಮಾಡುತ್ತಾ ಹೋಗುತ್ತಿದ್ದರೆ, 'ಸಾರ್ ಮ್ಯಾಪ್ ನೋಡ್ತಿದ್ದೆ' ಅನ್ನುವ ಮಾತು ನಡೆಯುವುದಿಲ್ಲ, ಗಮನ ಕೆಡಲಿಲ್ಲ ಅಂತ ಹೇಗೆ ತಾನೆ ಹೇಳುತ್ತೀರಿ?

ಹೆಲ್ಮೆಟ್ ಒಳಗೆ ತುರುಕಿದ ಫೋನ್, ಕುತ್ತಿಗೆ ಓರೆ ಮಾಡಿ ಭುಜಕ್ಕೆ ಒತ್ತಿ ಹಿಡಿದ ಫೋನ್, ಇವು ಕೈಯಲ್ಲಿಲ್ಲವಲ್ಲ ಅಂತ ವಾದ ಮಾಡಬೇಡಿ. ಎಚ್ಚರಿಕೆಯಿಂದ ಓಡಿಸುವವನೊಬ್ಬ ಹೇಗೆ ಓಡಿಸಬೇಕೋ ಅದಕ್ಕಿಂತ ತುಂಬಾ ಕೆಳಮಟ್ಟದಲ್ಲಿ, ಅಪಾಯ ಕಣ್ಣಿಗೆ ಕಾಣುವ ಹಾಗೆ ಓಡಿಸಿದರೆ ಅದೂ ಅಪಾಯಕಾರಿ ಚಾಲನೆಯೇ ಅಂತ ಅದೇ ಸೆಕ್ಷನ್ 184ರಲ್ಲಿದೆ. ಹೆಲ್ಮೆಟ್ ಸಂದಿಯಿಂದ ಫೋನ್ ಜಾರಿದರೆ ನಿಮ್ಮ ಕೈ ತಾನಾಗಿಯೇ ಅದನ್ನು ಹಿಡಿಯಲು ಹೋಗುತ್ತದೆ, ಹ್ಯಾಂಡಲ್ ಬಿಟ್ಟಿರುತ್ತೀರಿ. ಓರೆ ಕುತ್ತಿಗೆಯಲ್ಲಿ ಒಂದು ಕಡೆಯ ಕನ್ನಡಿ ಕಾಣುವುದೇ ಇಲ್ಲ.

ಕೋರ್ಟ್ ಹೇಳಿದೆ ಅಂತ ಓಡಾಡುವ ಆ ಫಾರ್ವರ್ಡ್ ಕತೆ ಏನು? 2018ರಲ್ಲಿ ಕೇರಳ ಹೈಕೋರ್ಟ್ ಒಂದು ತೀರ್ಪು ಕೊಟ್ಟಿದ್ದು ನಿಜ. ಅದು ಕೇರಳ ಪೊಲೀಸ್ ಕಾಯ್ದೆಯ ಒಂದು ಕಲಮಿನ ಬಗ್ಗೆ ಇದ್ದದ್ದು. ಜನರಿಗೆ ಅಪಾಯ ಆಗದಿದ್ದಾಗ ಸುಮ್ನೆ ಫೋನಲ್ಲಿ ಮಾತಾಡಿದ್ದಕ್ಕೆ ಆ ಕಲಮಿನಡಿ ಕೇಸ್ ಹಾಕಲು ಆಗುವುದಿಲ್ಲ ಅಂತ. 2019ರ ತಿದ್ದುಪಡಿಗೆ ಮುಂಚಿನ ಮಾತು ಅದು. ಇವತ್ತು ಮೈಸೂರು ರಸ್ತೆಯಲ್ಲಿ ನಿಮ್ಮನ್ನು ನಿಲ್ಲಿಸಿದವರಿಗೆ ಅದನ್ನು ತೋರಿಸಿ ಪ್ರಯೋಜನ ಇಲ್ಲ.

ಬ್ಲೂಟೂತ್ ಇದ್ದರೆ ಸಾಕಾ

ಸೆಕ್ಷನ್ 184 ತಡೆಯುವುದು ಕೈಯಲ್ಲಿ ಹಿಡಿಯುವುದನ್ನು. ಕಾರಿನ ಸ್ಪೀಕರ್‌ನಲ್ಲಿ ಮಾತಾಡುವುದನ್ನು ಅದು ಹೆಸರಿಸಿ ತಡೆದಿಲ್ಲ. ಆದರೆ ಕಾನೂನು ತಡೆದಿಲ್ಲ ಅಂದ ಮಾತ್ರಕ್ಕೆ ಕ್ಷೇಮ ಅಂತ ಅಲ್ಲ. ಓಡಿಸುತ್ತಾ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹ್ಯಾಂಡ್ಸ್‌ಫ್ರೀ ಕೂಡ ಇದಕ್ಕಿಂತ ಹೆಚ್ಚೇನೂ ಸುರಕ್ಷಿತ ಅಲ್ಲ ಅಂತಲೂ ಹೇಳುತ್ತದೆ. ಕಾರಣ ಸರಳ. ಕೈ ಸ್ಟೇರಿಂಗ್ ಮೇಲಿದ್ದರೂ ಮನಸ್ಸು ಆಫೀಸಿನ ಜಗಳದಲ್ಲೋ ಸಾಲದ ಕಂತಿನಲ್ಲೋ ಇರುತ್ತದೆ. ಪಕ್ಕದಲ್ಲಿ ಕೂತವರು ಎದುರಿಗೆ ಬಸ್ ಅಡ್ಡ ಬಂದರೆ ಮಾತು ನಿಲ್ಲಿಸುತ್ತಾರೆ, ಫೋನಿನ ಆ ಕಡೆ ಇರುವವರಿಗೆ ನಿಮ್ಮ ರಸ್ತೆ ಕಾಣುವುದಿಲ್ಲ, ಅವರು ಮಾತಾಡುತ್ತಲೇ ಇರುತ್ತಾರೆ.

ನನ್ನ ಸಲಹೆ ಇಷ್ಟು: ಕಾರಿನಲ್ಲಿ ಹ್ಯಾಂಡ್ಸ್‌ಫ್ರೀ ಇರುವುದು 'ಓಡಿಸ್ತಿದ್ದೀನಿ, ಆಮೇಲೆ ಮಾಡ್ತೀನಿ' ಅನ್ನುವುದಕ್ಕೆ. ಬೈಕಿನಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹಿಂದಿನಿಂದ ಬರುವ ಬಿಎಂಟಿಸಿ ಬಸ್ಸಿನ ಸದ್ದು, ಆಂಬುಲೆನ್ಸ್ ಸದ್ದು ನಿಮಗೆ ಕೇಳಲೇಬೇಕು.

ಒಂದು ಲೆಕ್ಕ ನೀವೇ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಹೋಗುತ್ತದೆ. ಒಂದು ಮೆಸೇಜ್ ಓದಲು ಐದು ಸೆಕೆಂಡ್ ಕೆಳಗೆ ನೋಡಿದರೆ 80 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಊರೊಳಗೆ ನಿಧಾನವಾಗಿ 40ರಲ್ಲಿ ಹೋಗುತ್ತಿದ್ದೇನೆ ಅಂದರೂ ಮೂರು ಸೆಕೆಂಡಿಗೆ 33 ಮೀಟರ್. ಶಾಲೆ ಬಿಡುವ ಹೊತ್ತಲ್ಲಿ ನಿಮ್ಮ ಬೀದಿಯ ಶಾಲೆ ಮುಂದೆ ನಿಂತು, 33 ಮೀಟರ್ ಉದ್ದಕ್ಕೆ ಎಷ್ಟು ಮಕ್ಕಳಿರುತ್ತಾರೆ ಅಂತ ನೋಡಿ.

ಸಿಗ್ನಲ್‌ನಲ್ಲಿ ನಿಂತಿದ್ದೇನಲ್ಲ ಅನ್ನುವವರಿಗೆ: ನೀವು ಇನ್ನೂ ರಸ್ತೆ ಮಧ್ಯದಲ್ಲೇ ಇದ್ದೀರಿ, ಗಾಡಿ ಚಾಲೂ ಇದೆ, ಓಡಿಸುತ್ತಿರುವವರು ನೀವೇ. ಬೆಂಗಳೂರಿನಲ್ಲಿ ಕ್ಯಾಮೆರಾ ಇರುವುದೂ ಜಂಕ್ಷನ್‌ಗಳಲ್ಲೇ. ಹಸಿರು ದೀಪ ಬಿದ್ದ ತಕ್ಷಣ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅರ್ಧ ಓದಿದ ಮೆಸೇಜ್ ತಲೆಯಲ್ಲೇ ಇಟ್ಟುಕೊಂಡು ಗಾಬರಿಯಲ್ಲಿ ಗಾಡಿ ಎತ್ತುತ್ತೀರಿ, ಆಗಲೇ ಎದುರಿಗೆ ಯಾರೋ ಓಡುತ್ತಾ ರಸ್ತೆ ದಾಟುತ್ತಿರುತ್ತಾರೆ.

ಕೀ ತಿರುಗಿಸುವ ಮುಂಚೆ

ಮೊದಲು ದಾರಿ ಹಾಕಿಕೊಳ್ಳಿ. ನಿಂತಿರುವಾಗಲೇ ಜಾಗದ ಹೆಸರು ಹಾಕಿ, ಇಡೀ ದಾರಿ ಒಂದು ಸಲ ನೋಡಿಕೊಳ್ಳಿ, ದೊಡ್ಡ ತಿರುವುಗಳು ಎಲ್ಲಿ ಅಂತ ಮನಸ್ಸಲ್ಲಿ ಇಟ್ಟುಕೊಳ್ಳಿ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಧ್ವನಿಯ ಭಾಷೆ ಕನ್ನಡ ಮಾಡಿ, ಸದ್ದು ಜೋರಾಗಿ ಇಡಿ. ಕಿವಿಗೆ ಸರಿಯಾಗಿ ಕೇಳಿಸಿದರೆ ಕಣ್ಣು ಸ್ಕ್ರೀನ್ ಕಡೆ ಹೋಗುವುದು ತಾನಾಗಿಯೇ ಕಡಿಮೆ ಆಗುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಕಡೆ ಹೊರಟಿದ್ದರೆ ಆ ಭಾಗದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಘಾಟಿಯ ನಡುವೆ ನೆಟ್‌ವರ್ಕ್ ಹೋದಾಗಲೇ ಜನ ಫೋನ್ ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸುತ್ತಾ ಓಡಿಸುವುದು.

ಆಮೇಲೆ ಹೋಲ್ಡರ್. ಕಾರಿನಲ್ಲಿ ಗಾಜಿನ ಮಧ್ಯಕ್ಕೆ ಅಂಟಿಸಬೇಡಿ, ರಸ್ತೆಯ ಒಂದು ತುಂಡನ್ನೇ ಅದು ಮುಚ್ಚಿಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೆಳಗೆ, ತಲೆ ಆಡಿಸದೆ ಕಣ್ಣು ಮಾತ್ರ ಸರಿಸಿದರೆ ಕಾಣುವ ಜಾಗ ಒಳ್ಳೆಯದು. ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಬೇಡ. ಬೈಕಿನಲ್ಲಿ ಹ್ಯಾಂಡಲ್‌ಗೆ ಗಟ್ಟಿಯಾಗಿ ಹಿಡಿಯುವ ಹೋಲ್ಡರ್ ಹಾಕಿಸಿ, ಸಾಧ್ಯವಾದರೆ ಅದುರುವುದನ್ನು ತಡೆಯುವ ರಬ್ಬರ್ ಇರುವಂಥದ್ದು. ದೊಡ್ಡ ಇಂಜಿನ್ನಿನ ಬೈಕುಗಳ ಅದುರಾಟದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಸ್ಕೂಟರಿನ ಮುಂದಿನ ಡಬ್ಬಿಯಲ್ಲಿ ಫೋನ್ ಇಟ್ಟು ಬಗ್ಗಿ ಬಗ್ಗಿ ನೋಡುವುದು ಕೈಯಲ್ಲಿ ಹಿಡಿದದ್ದಕ್ಕಿಂತ ಏನೂ ಮೇಲಲ್ಲ.

ಮೂರನೆಯದು, ಕರೆಗಳಿಗೆ ಬಾಗಿಲು ಹಾಕುವುದು. ಇದನ್ನು ಮಾಡದಿದ್ದರೆ ಮೇಲಿನ ಎರಡೂ ಅರ್ಧಂಬರ್ಧ. ಐಫೋನ್‌ನಲ್ಲಿ ಫೋಕಸ್ ಅನ್ನುವ ಕಡೆ ಡ್ರೈವಿಂಗ್ ಅಂತ ಇದೆ. ಅದನ್ನು ಆನ್ ಮಾಡಿದರೆ ನೋಟಿಫಿಕೇಶನ್ ಬರುವುದು ನಿಲ್ಲುತ್ತದೆ, ಮೆಸೇಜ್ ಮಾಡಿದವರಿಗೆ ಇವರು ಓಡಿಸುತ್ತಿದ್ದಾರೆ ಅಂತ ತಾನಾಗಿಯೇ ಉತ್ತರ ಹೋಗುತ್ತದೆ. ಆ ಉತ್ತರವನ್ನು ಕನ್ನಡದಲ್ಲೇ ಬರೆದಿಡಬಹುದು: 'ಗಾಡಿ ಓಡಿಸ್ತಿದ್ದೀನಿ, ತಲುಪಿದ ಮೇಲೆ ಫೋನ್ ಮಾಡ್ತೀನಿ.' ಆಂಡ್ರಾಯ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಡೂ ನಾಟ್ ಡಿಸ್ಟರ್ಬ್ ಅನ್ನುವುದು ಎಲ್ಲದರಲ್ಲೂ ಇದೆ, ಕೆಲವು ಫೋನ್‌ಗಳಲ್ಲಿ ಕಾರಿನ ಬ್ಲೂಟೂತ್ ಸಿಕ್ಕ ತಕ್ಷಣ ಅದು ತಾನೇ ಆನ್ ಆಗುವ ಹಾಗೂ ಮಾಡಬಹುದು. ಮನೆಯವರ ಒಂದೋ ಎರಡೋ ನಂಬರ್‌ಗೆ ಮಾತ್ರ ವಿನಾಯಿತಿ ಕೊಡಿ, ಆ ನಂಬರಿನಿಂದ ರಿಂಗ್ ಆದರೆ ಗಾಡಿ ಪಕ್ಕಕ್ಕೆ ಹಾಕಿ ಎತ್ತಿಕೊಳ್ಳಿ. ವಾಟ್ಸಾಪ್ ಗ್ರೂಪುಗಳನ್ನು ಮ್ಯೂಟ್ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹಾಡು ಬೇಕಾದರೆ ಪಟ್ಟಿ ಹಾಕಿ ಬಿಡಿ. ಪೆಟ್ರೋಲ್ ಬಂಕಿಗೆ, ಪಾರ್ಕಿಂಗಿಗೆ ದುಡ್ಡು ಕಳಿಸುವುದಿದ್ದರೆ ನಿಂತ ಮೇಲೆ. ಪಕ್ಕದಲ್ಲೋ ಹಿಂದೆಯೋ ಯಾರಾದರೂ ಇದ್ದರೆ ಫೋನ್ ಅವರ ಕೈಗೆ ಕೊಟ್ಟುಬಿಡಿ, ಇದಕ್ಕಿಂತ ಒಳ್ಳೆ ಆ್ಯಪ್ ಇನ್ನೂ ಬಂದಿಲ್ಲ.

ಡೆಲಿವರಿ ಮತ್ತು ಕ್ಯಾಬ್ ಓಡಿಸುವವರಿಗೆ

ಫೋನ್ ನೋಡಬೇಡಿ ಅಂತ ನಿಮಗೆ ಹೇಳುವುದು ಸುಲಭ. ನಿಮ್ಮ ಕೆಲಸವೇ ಫೋನಿನಲ್ಲಿದೆ. ಆರ್ಡರ್ ಬಂದಾಗ ಕೆಲವೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳದಿದ್ದರೆ ಬೇರೆಯವರಿಗೆ ಹೋಗುತ್ತದೆ, ಗ್ರಾಹಕರು ಎಲ್ಲಿದ್ದೀರಾ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಇದರಲ್ಲಿ ಬರೀ ನಿಮ್ಮ ತಪ್ಪಿದೆ ಅಂತ ನಾನು ಒಪ್ಪುವುದಿಲ್ಲ, ಆ ಆ್ಯಪ್ ಮಾಡಿದವರದ್ದೂ ಇದೆ. ಆದರೂ ದಂಡ ಬೀಳುವುದು ನಿಮಗೆ, ಪೆಟ್ಟಾಗುವುದೂ ನಿಮಗೇ. ಆದ್ದರಿಂದ ಆಗುವಷ್ಟು ಮಾಡಿ. ಒಂದು ಆರ್ಡರ್ ಮುಗಿಸಿ ಮುಂದಿನದನ್ನು ನಿಂತಲ್ಲೇ ಒಪ್ಪಿಕೊಂಡು ಆಮೇಲೆ ಹೊರಡಿ. ಬಿಲ್ಡಿಂಗ್ ಹೆಸರು, ಫ್ಲಾಟ್ ನಂಬರ್, ಗುರುತು ಎಲ್ಲವನ್ನೂ ಹೋಟೆಲ್ ಮುಂದೆ ಕಾಯುವಾಗಲೇ ಓದಿಕೊಳ್ಳಿ. ಹೋಲ್ಡರ್‌ಗೆ ಖರ್ಚು ಮಾಡಿದ ದುಡ್ಡು ಒಂದೇ ಚಲನ್ ತಪ್ಪಿದರೂ ವಾಪಸ್ ಬಂದಹಾಗೆ.

ಗ್ರಾಹಕರಿಗೂ ಒಂದು ಮಾತು. ಗೇಟ್ ಎಲ್ಲಿದೆ, ಯಾವ ಅಂಗಡಿ ಪಕ್ಕ ಅನ್ನುವುದನ್ನು ಆರ್ಡರ್ ಮಾಡುವಾಗಲೇ ಬರೆದುಬಿಡಿ. ಅವರು ಮ್ಯಾಪಿನಲ್ಲಿ ಚಲಿಸುತ್ತಿರುವುದು ಕಾಣುತ್ತಿದ್ದರೆ ಫೋನ್ ಮಾಡಬೇಡಿ.

ಫೋನ್ ಮಾಡುವವರೂ ಕೇಳಿ

ಓಡಿಸುವವರಿಗೆ ಮಾತ್ರ ಬುದ್ಧಿ ಹೇಳುತ್ತೇವೆ, ಕರೆ ಮಾಡಿದವರನ್ನು ಯಾರೂ ಕೇಳುವುದಿಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ. ಸಂಜೆ ಏಳು ಗಂಟೆಗೆ ಮಗ ಬೈಕಿನಲ್ಲಿ ಬರುತ್ತಿರುತ್ತಾನೆ ಅಂತ ಗೊತ್ತಿದ್ದೂ 'ಎಲ್ಲಿದ್ದೀಯಾ' ಅಂತ ಮೂರು ಸಲ ರಿಂಗ್ ಮಾಡುವವರು ನಾವೇ. ಎತ್ತದಿದ್ದರೆ ಮನೆಗೆ ಬಂದ ಮೇಲೆ ಜಗಳ ಆಡುವವರೂ ನಾವೇ. ಆಫೀಸಿನಲ್ಲಿ ಮೇಲಿನವರು ಫೋನ್ ಮಾಡಿದಾಗ ಕೆಳಗಿನವರು ಓಡಿಸುತ್ತಿದ್ದರೂ ಎತ್ತಲೇಬೇಕಾಗುತ್ತದೆ. ಹೀಗೆ ಮಾಡಿ: ಆ ಕಡೆ ಗಾಡಿ ಸದ್ದು ಕೇಳಿಸಿದರೆ 'ಓಡಿಸ್ತಿದ್ದೀಯಾ?' ಅಂತ ಮೊದಲು ಕೇಳಿ, ಹೌದು ಅಂದರೆ 'ಸರಿ, ತಲುಪಿ ಮಾಡು' ಅಂತ ಹೇಳಿ ನೀವೇ ಇಟ್ಟುಬಿಡಿ. ಮನೆಯಲ್ಲಿ ಇದನ್ನು ಮಾತಾಡಿಕೊಳ್ಳಿ. ದಾರಿಯಲ್ಲಿದ್ದಾಗ ಫೋನ್ ಎತ್ತದಿದ್ದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ ಅಂತ ಒಂದು ಸಲ ಖಾತ್ರಿ ಆದರೆ ಎತ್ತುವವರ ಕೈಯೂ ಸುಮ್ಮನಾಗುತ್ತದೆ.

ಎತ್ತಲೇಬೇಕು ಅನಿಸಿದಾಗ

ಇಂಡಿಕೇಟರ್ ಹಾಕಿ, ಎಡಕ್ಕೆ ಬಂದು, ಪೂರ್ತಿ ರಸ್ತೆ ಬಿಟ್ಟು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಆಮೇಲೆ ಫೋನ್. ತಿರುವಿನಲ್ಲಿ, ಫ್ಲೈಓವರ್ ಮೇಲೆ, ಬಸ್ ಸ್ಟಾಪಿನಲ್ಲಿ ನಿಲ್ಲಬೇಡಿ. ಘಾಟಿಯಲ್ಲಿ ರಸ್ತೆ ಅಗಲವಾಗಿ ಎರಡೂ ಕಡೆಯಿಂದ ನಿಮ್ಮ ಗಾಡಿ ಕಾಣುವ ಜಾಗ ಬರುವವರೆಗೆ ತಾಳ್ಮೆ ಇರಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಗಾಡಿಗಳು ಜೋರಾಗಿ ಬರುತ್ತವೆ, ಅಲ್ಲಿ ಅಂಚಿನಲ್ಲಿ ನಿಂತು ಮಾತಾಡುವುದೇ ಅಪಾಯ, ಹೊರಗೆ ಹೋಗುವ ದಾರಿ ಅಥವಾ ಹೋಟೆಲ್ ಬರುವ ತನಕ ಕಾಯಿರಿ. (ಬೈಕಿನವರಿಗೆ 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.) ಗಾಡಿ ಕೆಟ್ಟು ನಿಲ್ಲಲೇಬೇಕಾಗಿ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ, ಗಾಡಿಯಿಂದ ಇಳಿದು ತಡೆಗೋಡೆ ಆಚೆ ನಿಂತು ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಬೇರೆ ಯಾವ ತುರ್ತಿಗಾದರೂ 112.

ಹೊರದೇಶದಲ್ಲಿ ಓಡಿಸುವ ಕನ್ನಡಿಗರು ಅಲ್ಲಿಯ ನಿಯಮ ಬೇರೆಯಾಗಿಯೇ ಓದಿಕೊಳ್ಳಬೇಕು. ಬ್ರಿಟನ್ನಿನಲ್ಲಿ 2022ರ ಮಾರ್ಚ್‌ನಿಂದ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಫೋಟೊ ತೆಗೆದರೂ, ಹಾಡು ಬದಲಿಸಿದರೂ 200 ಪೌಂಡ್ ದಂಡ, ಜೊತೆಗೆ ಲೈಸೆನ್ಸಿಗೆ ಆರು ಪಾಯಿಂಟ್ (ತಪ್ಪಿನ ಲೆಕ್ಕಕ್ಕೆ ಹಾಕುವ ಅಂಕ). ಅಲ್ಲಿ ಲೈಸೆನ್ಸ್ ಪಡೆದು ಎರಡು ವರ್ಷ ಆಗಿಲ್ಲದವರಿಗೆ ಆ ಆರು ಪಾಯಿಂಟ್ ಅಂದರೆ ಲೈಸೆನ್ಸೇ ಹೋದಂತೆ. ಯುಎಇಯಲ್ಲಿ 800 ದಿರ್ಹಮ್ ಮತ್ತು ನಾಲ್ಕು ಬ್ಲ್ಯಾಕ್ ಪಾಯಿಂಟ್.

ಚಲನ್ ಬಂದಿದ್ದರೆ

ಪೊಲೀಸರು ನಿಲ್ಲಿಸಿದರೆ ನಿಲ್ಲಿ, ವಾದ ಬೇಡ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಲೈಸೆನ್ಸ್, ಆರ್‌ಸಿ ನಡೆಯುತ್ತದೆ, ಕಾಗದವೇ ಬೇಕು ಅಂತಿಲ್ಲ. ದುಡ್ಡು ಕೊಟ್ಟರೆ ರಸೀದಿ ಕೇಳಿ ತೆಗೆದುಕೊಳ್ಳಿ. ರಸೀದಿ ಇಲ್ಲದ ದಂಡ ದಂಡವಲ್ಲ.

ಕ್ಯಾಮೆರಾದಿಂದ ಬರುವ ಚಲನ್ ಬೇರೆ ಥರ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಐಟಿಎಂಎಸ್ (ಸಂಚಾರದ ತಪ್ಪುಗಳನ್ನು ತಾನಾಗಿಯೇ ಹಿಡಿಯುವ ವ್ಯವಸ್ಥೆ) ಕ್ಯಾಮೆರಾ ಶುರು ಮಾಡಿದರು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳೇ 250. ಸಿಗ್ನಲ್ ಜಂಪ್, ಹೆಲ್ಮೆಟ್, ಸೀಟ್ ಬೆಲ್ಟ್ ಜೊತೆಗೆ ಕೈಯಲ್ಲಿ ಫೋನ್ ಇದ್ದರೂ ಅವು ಹಿಡಿಯುತ್ತವೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ಹೀಗೆ ಕ್ಯಾಮೆರಾ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು. ಅದರಲ್ಲಿ ತಪ್ಪು ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ದಿನ, ಸಮಯ, ಜಾಗ, ಯಾವ ಸೆಕ್ಷನ್ ಎಲ್ಲವೂ ಇರಬೇಕು. ಹಾಗಾಗಿ ಚಲನ್ ಬಂದ ತಕ್ಷಣ ಕಟ್ಟಲು ಓಡಬೇಡಿ, ಮೊದಲು ಆ ಫೋಟೊ ತೆರೆದು ನೋಡಿ. ಗಾಡಿ ನಿಮ್ಮದೇನಾ? ಕೈಯಲ್ಲಿರುವುದು ಫೋನೇನಾ ಅಥವಾ ಸುಮ್ನೆ ಕೆನ್ನೆ ಮೇಲೆ ಕೈ ಇಟ್ಟಿದ್ದೀರಾ? ನಿಮ್ಮ ನಂಬರನ್ನೇ ಬೇರೆ ಯಾರೋ ಹಾಕಿಕೊಂಡು ಓಡಾಡುತ್ತಿದ್ದಾರಾ? ತಪ್ಪು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆರ್‌ಸಿ ಹಿಡಿದುಕೊಂಡು ಸಂಚಾರ ಪೊಲೀಸ್ ಠಾಣೆಗೆ ಹೋಗಿ ಲಿಖಿತವಾಗಿ ಕೊಡಿ. ಒಪ್ಪದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ನಿಮಗಿದೆ.

ಕ್ಯಾಮೆರಾ ಚಲನ್ ಬರುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ. ತಮ್ಮನಿಗೋ ಡ್ರೈವರ್‌ಗೋ ಗಾಡಿ ಕೊಟ್ಟಿದ್ದರೆ, ಆ ಹೊತ್ತಲ್ಲಿ ಓಡಿಸುತ್ತಿದ್ದವರು ಯಾರು ಅಂತ ಪೊಲೀಸರು ಕೇಳಿದಾಗ ಹೇಳುವುದು ಮಾಲೀಕರ ಹೊಣೆ, ಸೆಕ್ಷನ್ 133ರಲ್ಲಿ ಅದಿದೆ. ಹಳೇ ಗಾಡಿ ಮಾರಿ ಆರ್‌ಸಿ ವರ್ಗಾವಣೆ ಮಾಡಿಸದೇ ಬಿಟ್ಟವರು ಇವತ್ತೇ ಮಾಡಿಸಿ, ಕೊಂಡವರು ಫೋನ್ ಹಿಡಿದು ಓಡಿಸಿದ್ದಕ್ಕೆಲ್ಲ ನೋಟಿಸ್ ನಿಮ್ಮ ಮನೆಗೆ ಬರುತ್ತಿರುತ್ತದೆ.

ಸರ್ಕಾರ ಆಗಾಗ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುತ್ತದೆ, 2023ರ ಫೆಬ್ರವರಿಯಲ್ಲಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಬಾಕಿ ಬೆಳೆದರೆ ಕೇಸ್ ಕೋರ್ಟಿಗೆ ಹೋಗುತ್ತದೆ.

ಕಟ್ಟುವಾಗ ಒಂದು ಎಚ್ಚರಿಕೆ. 'ನಿಮ್ಮ ಗಾಡಿ ಮೇಲೆ ಚಲನ್ ಇದೆ, ಈ ಫೈಲ್ ಇನ್‌ಸ್ಟಾಲ್ ಮಾಡಿ ನೋಡಿ' ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ. ಅದು ಫೋನಿಗೆ ನುಗ್ಗಿ ಓಟಿಪಿ ಕದಿಯುವ ಮೋಸ, ಗಾಡಿ ನಂಬರ್ ಸರಿಯಾಗಿಯೇ ಹಾಕಿ ಕಳಿಸುತ್ತಾರೆ. ಯಾವ ಪೊಲೀಸ್ ಇಲಾಖೆಯೂ ಎಪಿಕೆ ಕಳಿಸುವುದಿಲ್ಲ. ಮೆಸೇಜಿನಲ್ಲಿರುವ ಲಿಂಕ್ ಒತ್ತುವ ಬದಲು ಪರಿವಾಹನ್ ಇ-ಚಲನ್ ಜಾಲತಾಣವನ್ನೋ ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ (ASTraM) ಆ್ಯಪನ್ನೋ ನೀವೇ ತೆರೆದು, ಗಾಡಿ ನಂಬರ್ ಹಾಕಿ ನೋಡಿ. ಇಂಟರ್ನೆಟ್ ಗೊತ್ತಾಗುವುದಿಲ್ಲ ಅನ್ನುವವರು ಹತ್ತಿರದ ಸಂಚಾರ ಠಾಣೆಗೋ ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಕ್ಕೋ ಹೋಗಿ ವಿಚಾರಿಸಿ ಕಟ್ಟಬಹುದು.